ಹಳೇ ಜೀಪಿನ ಹಿಂದಿನ ಔಟ್‌ಪುಟ್ ಫ್ಲೇಂಜ್: ಎರಡು ಕೊಂಡೆ, ಎರಡೂ ಕೂರಲಿಲ್ಲ

ತೊಗರಿಹೊಲದ ಜೀಪು, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಹೀಂದ್ರಾ ಸಿಜೆ-3ಬಿ. ಆರ್‌ಸಿ ಬುಕ್ಕಿನಲ್ಲಿ 1971 ಅಂತ ಇದೆ. ಪೆಟ್ರೋಲಿನ ಹರಿಕೇನ್ ಎಂಜಿನ್, ಮೂರು ಗೇರು. ದೊಡ್ಡಪ್ಪ ಹರಾಜಿನಲ್ಲಿ ಹಿಡಿದ ಗಾಡಿ. ಇಷ್ಟು ವರ್ಷದಲ್ಲಿ ಯಾರ್ಯಾರು ಏನೇನು ಬದಲಿಸಿದ್ದಾರೋ ದೇವರಿಗೇ ಗೊತ್ತು.

ಶುರುವಾದದ್ದು ಹ್ಯಾಂಡ್‌ಬ್ರೇಕಿನಿಂದ. ಎಳೆದರೂ ಹಿಡಿಯುತ್ತಿರಲಿಲ್ಲ. ಲೈನರ್ ಸವೆದಿರಬೇಕು ಅಂತ ಡ್ರಮ್ ಬಿಚ್ಚಿದರೆ ಒಳಗೆಲ್ಲ ಗೇರ್ ಆಯಿಲ್. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ. ಗೇರ್‌ಬಾಕ್ಸಿನ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ ಇದೆ. ಅಲ್ಲಿನ ಆಯಿಲ್ ಸೀಲ್ ಸೋರಿದರೆ ನೇರ ಲೈನರ್ ಮೇಲೇ ಬೀಳುತ್ತದೆ.

ಎರಡು ತಿಂಗಳಲ್ಲಿ ಎರಡು ಸೀಲ್ ಹಾಕಿಸಿದೆ. ಮತ್ತೆ ಅದೇ ಕಥೆ. ಕೊನೆಗೆ ಫ್ಲೇಂಜನ್ನೇ, ಅಂದರೆ ಕೇಸಿನಿಂದ ಹೊರಬರುವ ಶಾಫ್ಟಿನ ತುದಿಗೆ ಕೂತು ಡ್ರಮ್ ಹಿಡಿಯುವ ಕತ್ತಿರುವ ಬಿಲ್ಲೆಯನ್ನೇ ಹೊರಗೆ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ನೋಡಿದೆ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಸುತ್ತಲೂ ಒಂದು ಗೆರೆ ಕೊರೆದುಹೋಗಿದೆ. ಉಗುರು ಆಡಿಸಿದರೆ ಟಕ್ ಅಂತ ಸಿಕ್ಕಿಕೊಳ್ಳುತ್ತದೆ.

ಊರಿನ ಒಂದು ಅಂಗಡಿಯಲ್ಲಿ ಕೇಳಿದೆ. "ಎಲ್ಲಾ ಜೀಪಿಗೂ ಒಂದೇ ಬರ್ತದ್ರೀ" ಅಂದರು. ತಂದು ಹಿಡಿದರೆ ಡ್ರಮ್ಮಿನ ತೂತಿಗೂ ಇದರ ತೂತಿಗೂ ಅರ್ಧ ತೂತಿನಷ್ಟು ವ್ಯತ್ಯಾಸ. ವಾಪಸ್ ಕೊಟ್ಟು ಇನ್ನೊಂದು ತಂದೆ. ಇದರ ಕತ್ತಿನೊಳಗೂ ಹಳೆಯದರ ಹಾಗೆ ಹತ್ತೇ ಹಲ್ಲು, ಶಾಫ್ಟಿನ ಮೇಲೆ ಸಲೀಸಾಗಿ ಜಾರಿತು, ತೂತುಗಳೂ ಸರಿಯಾಗಿ ಕೂತವು. ಖುಷಿಯಿಂದ ನಟ್ ಬಿಗಿದೆ. ಕೈಯಲ್ಲಿ ತಿರುಗಿಸಿದರೆ ಡ್ರಮ್ ಹೋಗಿ ಬ್ಯಾಕ್‌ಪ್ಲೇಟಿಗೆ ಕಿರ್ರ್ ಅಂತ ಉಜ್ಜುತ್ತಿದೆ! ಹಳೆಯದರ ಪಕ್ಕ ಇಟ್ಟು ನೋಡಿದರೆ ಹೊಸದರ ಕತ್ತು ಗಿಡ್ಡ.

ಸರಿಯಾದದ್ದು ಸಿಗಬೇಕೆಂದರೆ ಅಂಗಡಿಯಲ್ಲಿ ಏನಂತ ಹೇಳಿ ಕೇಳಬೇಕು? ಕಾರಹುಣ್ಣಿಮೆಯೊಳಗೆ ಗಾಡಿ ಹೊಲಕ್ಕೆ ಹೋಗಲೇಬೇಕು. ಮೇಲೆ 42 ಡಿಗ್ರಿ ಬಿಸಿಲು. ಬೆಳಗ್ಗೆ ಒಂಬತ್ತಾದ ಮೇಲೆ ಪಾನಾ ಮುಟ್ಟೋಕೂ ಆಗಲ್ಲ.

ಯಾದಗಿರಿ ಡಬಲ್ ಗೇರ್:

ಸುಮ್ನೆ ಮೊದಲನೆಯದನ್ನೇ ಇಟ್ಟುಕೊಳ್ಳಬೇಕಿತ್ತು. ಹಳೇ ತೂತಿಗೆ ವೆಲ್ಡಿಂಗ್ ತುಂಬಿಸಿ ಹೊಸ ತೂತು ಹೊಡೆದರೆ ಆಯಿತಲ್ವಾ? ನಾವು ಟ್ರೇಲರಿಗೆ ಹಂಗೇ ಮಾಡಿದ್ದು.

ಬೀದರ್ ಲೇತ್:

ಟ್ರೇಲರ್ ಬೇರೆ, ಇದು ಬೇರೆ. ಟಾಪ್ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತು ಸುತ್ತುತ್ತದೋ ಈ ಫ್ಲೇಂಜ್ ಕೂರುವ ಶಾಫ್ಟೂ ಅಷ್ಟೇ ಸುತ್ತುತ್ತದೆ. ತೂತು ಒಂದು ಕೂದಲೆಳೆ ಆಚೀಚೆ ಆದರೂ ಇಡೀ ಗಾಡಿ ನಡುಗುತ್ತದೆ. ವೆಲ್ಡಿಂಗ್ ಬೇಡ.

ತಮ್ಮಾ ತೊಗರಿಹೊಲ, ಗಾಡಿ ಹೆಸರು, ವರ್ಷ ಹೇಳಿ ಈ ಸಾಮಾನು ಕೇಳಬೇಡ. ಆರ್‌ಸಿ ಬುಕ್ 1971 ಅನ್ನಬಹುದು, ಹೊಟ್ಟೆಯೊಳಗೆ ಏನಿದೆಯೋ ಯಾರಿಗೆ ಗೊತ್ತು. ಅಳತೆ ತಗೊಂಡು ಹೋಗು. ನೀನು ಹಲ್ಲು ಎಣಿಸಿದೆ, ತೂತು ನೋಡಿದೆ, ಅಲ್ಲಿಗೇ ನಿಲ್ಲಿಸಿದೆ. ಕತ್ತಿನ ಉದ್ದ ಅಳೆಯಲಿಲ್ಲ. ಒಳಗೆ ಕೂರುವ ತುದಿಯಿಂದ ಡ್ರಮ್ ಕೂರುವ ಮುಖದವರೆಗೆ ಎಷ್ಟು ಅನ್ನೋದು ಎಲ್ಲಕ್ಕಿಂತ ಮುಖ್ಯ. ಕತ್ತಿನ ದಪ್ಪವನ್ನು ಸವೆದ ಗೆರೆಯಲ್ಲಿ ಅಳೆಯಬೇಡ, ಪಕ್ಕದ ಹೊಳೆಯುವ ಜಾಗದಲ್ಲಿ ಅಳೆ. ಮುಖದ ನಡುವೆ ಒಂದು ಉಬ್ಬಿದ ಉಂಗುರ ಇರುತ್ತದೆ, ಅದರ ಅಳತೆಯೂ ಬೇಕು. ಡ್ರಮ್ಮನ್ನು ನಟ್ಟನಡುವೆ ಹಿಡಿಯೋದು ಆ ಉಂಗುರ, ಬೋಲ್ಟುಗಳಲ್ಲ.

ತೂತಿನಿಂದ ತೂತಿಗೆ ಅಳೆಯುವಾಗ ನಡುಬಿಂದು ಹುಡುಕುತ್ತಾ ಕೂರಬೇಡ. ಒಂದು ತೂತಿನ ಎಡ ಅಂಚಿನಿಂದ ಎದುರು ತೂತಿನ ಎಡ ಅಂಚಿಗೆ ವರ್ನಿಯರ್ ಹಿಡಿ. ತೂತು ಎರಡೂ ಒಂದೇ ಸೈಜಾಗಿದ್ದರೆ ಅದೇ ನಡುವಿನಿಂದ ನಡುವಿನ ಅಳತೆ.

ಇನ್ನೊಂದು, ಈ ಗಾಡಿ ಇಂಚಿನದು. ಅರ್ಧ ಇಂಚು ಅಂದರೆ 12.7 ಮಿ.ಮೀ. 13ರ ಪಾನಾ ಕೂತ ಹಾಗೆ ಕಾಣುತ್ತದೆ, ಆಮೇಲೆ ಮೂಲೆ ತಿಂದುಹಾಕುತ್ತದೆ.

ಆದರೆ ನಾನು ಕೇಳೋದು, ಹೊಸದು ಯಾಕೆ ಬೇಕು? ಹಲ್ಲು ಗಟ್ಟಿಯಿದ್ದರೆ, ಶಾಫ್ಟಿನ ಮೇಲೆ ಅಲುಗಾಡದಿದ್ದರೆ ಹಳೆಯದೇ ಚಿನ್ನ. ಗೆರೆ ಬಿದ್ದ ಕತ್ತಿಗೆ ತೆಳ್ಳನೆ ಸ್ಟೀಲ್ ತೋಳು ಬರುತ್ತದೆ, ಸ್ಲೀವ್ ಅಂತಾರೆ. ದಪ್ಪ 0.28 ಮಿ.ಮೀ. ಅಷ್ಟೇ. ಹಾಕಿದ ಮೇಲೂ ಅದೇ ಸೈಜಿನ ಸೀಲ್ ನಡೆಯುತ್ತದೆ. ಅದೂ ಸಿಗದಿದ್ದರೆ ಹೊಸ ಸೀಲನ್ನು ಎರಡು ಮಿಲಿಮೀಟರ್ ಹೊರಗೆ ಕೂರಿಸು. ತುಟಿ ಗೆರೆ ಬಿಟ್ಟು ನುಣುಪು ಜಾಗದಲ್ಲಿ ಓಡುತ್ತದೆ. ಸೀಲ್ ಕೂರುವ ಗುಂಡಿಯಲ್ಲಿ ಅಷ್ಟು ಜಾಗ ಇದೆಯಾ ನೋಡಿಕೋ.

ಪುತ್ಲಿಬೌಲಿ ಪ್ರಯಾಣಿಕ:

ಬೀದರ್ ಕಾಕಾ ಹೇಳಿದ್ದು ಸರಿ. ಕೊಳ್ಳಲೇಬೇಕು ಅಂದರೆ ಹೈದರಾಬಾದಿನ ಗಾಡಿ ಸಾಮಾನಿನ ಪೇಟೆ ಪುತ್ಲಿಬೌಲಿಗೆ ಹೋಗಿ. ಹಳೇ ಫ್ಲೇಂಜನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಫೋಟೋ ನಂಬಬೇಡಿ. ಫೋಟೋದಲ್ಲಿ ಎಲ್ಲಾ ಫ್ಲೇಂಜೂ ಅಣ್ಣತಮ್ಮಂದಿರೇ.

ಅದಕ್ಕೂ ಮುಂಚೆ ಆಯಿಲ್ ಲೆವೆಲ್ ನೋಡಿದಿರಾ? ಈ ಜೀಪುಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ಮೆಲ್ಲಗೆ ಟ್ರಾನ್ಸ್‌ಫರ್ ಕೇಸಿಗೆ ಇಳಿಯುತ್ತದೆ. ಒಂದು ಖಾಲಿ, ಇನ್ನೊಂದು ತುಂಬಿ ತುಳುಕಾಟ. ಆಗ ಎಂಥ ಸೀಲ್ ಹಾಕಿದರೂ ಸೋರುತ್ತದೆ. ಹಲ್ಲುಗಳ ಸಂದಿಯಿಂದಲೂ ಆಯಿಲ್ ಬರುತ್ತದೆ, ನಟ್ಟಿನ ವಾಷರ್ ಕೆಳಗೆ ಚೂರು ಸೀಲೆಂಟ್ ಹಚ್ಚಿ. ಹಿಂದಿನ ಕವರ್ ಬಿಚ್ಚಿದರೆ ಅಲ್ಲಿನ ಶಿಮ್‌ಗಳನ್ನು, ಅಂದರೆ ತೆಳ್ಳನೆ ತಗಡುಗಳನ್ನು ಜೋಪಾನ ಮಾಡಿ, ಬೇರಿಂಗಿನ ಆಟ ನಿಂತಿರೋದೇ ಅದರ ಮೇಲೆ.

ಶಾಫ್ಟ್ ಬಿಚ್ಚಿದ ಕೂಡಲೇ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಚಕ್ರಕ್ಕೆ ಕಲ್ಲು ಕೊಡದೆ ಗಾಡಿ ಕೆಳಗೆ ನುಗ್ಗಬೇಡಿ.

ತೊಗರಿಹೊಲದ ಜೀಪು, ಕಲಬುರಗಿ:

ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಬೈಬೇಡಿ.

ಲೆವೆಲ್ ನೋಡಿದೆ. ಪ್ಲಗ್ ಬಿಚ್ಚಿದ ತಕ್ಷಣ ಟ್ರಾನ್ಸ್‌ಫರ್ ಕೇಸಿನಿಂದ ಆಯಿಲ್ ನನ್ನ ಮೊಣಕೈವರೆಗೆ ಇಳಿಯಿತು. ಗೇರ್‌ಬಾಕ್ಸಿನಲ್ಲಿ ಬೆರಳು ಹಾಕಿದರೆ ತುದಿಗೂ ಅಂಟಲಿಲ್ಲ! ಎರಡನ್ನೂ ಸರಿ ಮಾಡಿದೆ. ಈಗ ತಿಂಗಳಿಗೊಮ್ಮೆ ನೋಡುವ ಹೊಸ ಕೆಲಸ ಅಂಟಿಕೊಂಡಿತು.

ಹಳೇ ಫ್ಲೇಂಜನ್ನೇ ಉಳಿಸಿಕೊಂಡೆ. ಶಾಫ್ಟಿನ ಮೇಲೆ ಹಾಕಿ ಅಲ್ಲಾಡಿಸಿದರೆ ಮಿಸುಕಲಿಲ್ಲ. ನಮ್ಮ ಅಳತೆಯ ಸ್ಲೀವ್ ಇಲ್ಲಿ ಸಿಗಲಿಲ್ಲ. ಬೀದರ್ ಕಾಕಾ ಹೇಳಿದ ಹಾಗೆ ಸೀಲನ್ನು ಎರಡು ಮಿಲಿಮೀಟರ್ ಹೊರಗೆ ಕೂರಿಸಿದೆ. ಕೂರಿಸುವ ಮುಂಚೆ ತುಟಿಗೆ ಗ್ರೀಸ್ ಸವರಿದೆ. ಚಕ್ರಕ್ಕೆ ಅಡ್ಡ ಕೊಟ್ಟದ್ದು ಮನೆ ಕಟ್ಟುವಾಗ ಮಿಕ್ಕಿದ ಶಹಾಬಾದ್ ಕಲ್ಲು. ಹೊಸ ಲೈನರಿಗೇ ಹೆಚ್ಚು ದುಡ್ಡು ಹೋಯಿತು. ಗಿಡ್ಡ ಕತ್ತಿನ ಫ್ಲೇಂಜನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಕಪಾಟಿನಲ್ಲಿದೆ, ಯಾರಿಗಾದರೂ ಬೇಕಿದ್ದರೆ ಅಳತೆ ಕಳಿಸುತ್ತೇನೆ.

ನಿನ್ನೆ ಹೊಲಕ್ಕೆ ಹೋಗಿ ಬಂದೆ. ಕೆರೆ ಏರಿಯ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಗಾಡಿ ನಿಂತಿತು. ಮನೆಗೆ ಬಂದು ಡ್ರಮ್ ಕೆಳಗೆ ರಟ್ಟು ಹಾಸಿದ್ದೆ, ಬೆಳಗ್ಗೆ ನೋಡಿದರೆ ಒಂದು ಹನಿಯೂ ಇಲ್ಲ.

ಸ್ಪೀಡೋಮೀಟರ್ ಮುಳ್ಳು ಮಾತ್ರ ಸೊನ್ನೆಯಿಂದ ಏಳುತ್ತಿಲ್ಲ. ಗೇರ್ ಮುರಿಯಿತೇನೋ ಅಂತ ರಾತ್ರಿಯೆಲ್ಲಾ ನಿದ್ದೆಯಿಲ್ಲ. ಈಗ ಕೆಳಗೆ ಬಗ್ಗಿ ನೋಡಿದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಕವರಿಗೆ ಹಾಕಬೇಕಿದ್ದ ಸ್ಪೀಡೋಮೀಟರ್ ಕೇಬಲ್ ಚಾಸಿಗೆ ಸಿಕ್ಕಿಕೊಂಡು ನೇತಾಡುತ್ತಿದೆ.