ಸಹಾಯ ಬೇಕು: ಗಿಟಾರ್‌ನವರು ಕೇಪೋ ಹಾಕಿದಾಗ ಬೇಸ್ ಹೇಗೆ ನುಡಿಸುವುದು?

ನಮಸ್ಕಾರ. ನನಗೆ 47 ವರ್ಷ. ಗೆಳೆಯರ ಜೊತೆ ನುಡಿಸುತ್ತಲೇ ನಾಲ್ಕು ತಂತಿಯ ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ಇದನ್ನು ಬಿಡುವ ಮನಸ್ಸು ಖಂಡಿತ ಇಲ್ಲ.

ಹಾಡುವವರ ಶ್ರುತಿಗೆ ತಕ್ಕಂತೆ ನಮ್ಮ ಗಿಟಾರ್ ಗೆಳೆಯ 3ನೇ ಫ್ರೆಟ್‌ಗೆ (ಗಿಟಾರ್ ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ) ಕೇಪೋ ಹಾಕುತ್ತಾನೆ. ಕೇಪೋ ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್. ಅವನ ಬೆರಳು ಹಿಡಿಯುವುದು ಜಿ, ಸಿ, ಡಿ. ಕೇಳಿಸುವುದು ಎ ಶಾರ್ಪ್, ಡಿ ಶಾರ್ಪ್, ಎಫ್. ಅವನ ಕೈ ನೋಡಿ ನಾನು ನುಡಿಸಲು ಆಗುವುದಿಲ್ಲ, ಅಲ್ವಾ? ಸ್ವರ ಬದಲಿಸಿ ಚೀಟಿ ಬರೆದುಕೊಂಡೆ. ಕೇಪೋ ಮತ್ತೆ ಜರುಗಿದರೆ ಚೀಟಿ ದಂಡ. ಎಲ್ಲವನ್ನೂ ಮೂರು ಫ್ರೆಟ್ ಮುಂದೆ ಸರಿಸಿಯೂ ನೋಡಿದೆ. ಖಾಲಿ ತಂತಿ ಮೀಟುವ ಜಾಗದಲ್ಲಿ ಕೈ ತಡವರಿಸುತ್ತದೆ.

ಹಾರ್ಮೋನಿಯಂ ನುಡಿಸುವ ಗೆಳತಿ, ಜಿ, ಸಿ, ಡಿ ಬದಲು "ಸ, ಮ, ಪ ಅಂತ ಯೋಚಿಸು" ಅನ್ನುತ್ತಾಳೆ.

ಬೇಸ್ ನುಡಿಸುವವರು ಹೇಳಿ: ಪ್ರತಿ ಫ್ರೆಟ್‌ನ ಸ್ವರದ ಹೆಸರನ್ನು ಮೊದಲು ಬಾಯಿಪಾಠ ಮಾಡಲಾ, ಅಥವಾ ಖಾಲಿ ತಂತಿ ಬಿಟ್ಟು ಸ-ಮ-ಪ ಅಂತರವನ್ನೇ ಕೈಗೆ ಕೂರಿಸಲಾ?