ವಜ್ರದ ಮೇಲೆ ಚಿನ್ನದ ಪಟ್ಟಿ: ಗೆರೆ ಸರಿದದ್ದು ಸ್ಟ್ರೆಸ್‌ಗಾ, ಬಿಸಿಗಾ?

ಕಾರವಾರದಿಂದ ಪ್ರಶ್ನೆ:
ನಮಸ್ಕಾರ. ಊರು ಕಾರವಾರ, ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ರಜೆಗೆ ಬಂದಿದ್ದೇನೆ. ಅರ್ಧ ಮಿಲಿಮೀಟರ್ ದಪ್ಪದ ವಜ್ರದ ಚಿಪ್ ಮೇಲೆ 100 ನ್ಯಾನೋಮೀಟರ್ ಚಿನ್ನದ ಪಟ್ಟಿ ಕೂರಿಸಿದ್ದೇವೆ, ಹಿಡಿತಕ್ಕೆ ಅಡಿಯಲ್ಲಿ ತೆಳು ಟೈಟಾನಿಯಂ ಇದೆ. ಬಿಸಿಯಾದಾಗ ಚಿನ್ನ ವಜ್ರವನ್ನು ಎಷ್ಟು ಜಗ್ಗುತ್ತದೆ ಅಂತ ಎನ್‌ವಿ ಸೆಂಟರ್‌ಗಳಿಂದ ಅಳೆಯಬೇಕು (ವಜ್ರದಲ್ಲಿ ಇಂಗಾಲದ ಜಾಗದಲ್ಲಿ ಒಂದು ನೈಟ್ರೋಜನ್, ಅದರ ಪಕ್ಕ ಒಂದು ಖಾಲಿ ಜಾಗ ಇರುವ ತಾಣಗಳು, ಹಸಿರು ಬೆಳಕು ಬಿದ್ದರೆ ಕೆಂಪಗೆ ಹೊಳೆಯುತ್ತವೆ). ಹಸಿರು ಲೇಸರ್ ಹಾಯಿಸಿ, ಮೈಕ್ರೋವೇವ್ ಕೊಡುತ್ತಾ, ಚಿಪ್ಪನ್ನು 30 ಡಿಗ್ರಿಯಿಂದ 60ಕ್ಕೆ ಏರಿಸಿದೆ. ಮೈಕ್ರೋವೇವ್ 2.87 ಗಿಗಾಹರ್ಟ್ಸ್ ಹತ್ತಿರ ಬಂದಾಗ ಕೆಂಪು ಬೆಳಕು ಮಂಕಾಗುವ ಗೆರೆ 2 ಮೆಗಾಹರ್ಟ್ಸ್‌ಗಿಂತ ಜಾಸ್ತಿ ಕೆಳಗೆ ಬಂತು. ಇದು ಚಿನ್ನದ ಸ್ಟ್ರೆಸ್ಸೇ, ಅಂದರೆ ಆ ಜಗ್ಗಾಟವೇ ಅಲ್ವಾ? ಗೈಡ್ ಒಪ್ಪುತ್ತಿಲ್ಲ. ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಶಿರಸಿಯಿಂದ:
ತಂಗಿ, ನಿನ್ನ ಗೈಡ್ ಹೇಳಿದ್ದೇ ಸರಿ. ಅದು ಬರೀ ಬಿಸಿ. 1 ಡಿಗ್ರಿ ಏರಿದರೆ ಆ ಗೆರೆ ಸುಮಾರು 74 ಕಿಲೋಹರ್ಟ್ಸ್ ಇಳಿಯುತ್ತದೆ, 30ರಿಂದ ಗುಣಿಸಿ ನೋಡು. ಓದುವಾಗ ನಾನೂ ಇದೇ ತಪ್ಪು ಮಾಡಿ ಎರಡು ತಿಂಗಳ ಅಳತೆ ಬದಿಗಿಡಬೇಕಾಯಿತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಡಿಗ್ರಿಗೆ ಚಿನ್ನ ಹತ್ತು ಲಕ್ಷದಲ್ಲಿ 14 ಪಾಲು ಹಿಗ್ಗುತ್ತದೆ, ವಜ್ರ 1 ಪಾಲು ಅಷ್ಟೇ. ನಿನ್ನ 30 ಡಿಗ್ರಿಗೆ ಚಿನ್ನದ ಒಳಗೆ ಸುಮಾರು 50 ಮೆಗಾಪಾಸ್ಕಲ್ ಸ್ಟ್ರೆಸ್ ಹುಟ್ಟುತ್ತದೆ. ಆದರೆ ನೀನು ಅಳೆಯುವುದು ಚಿನ್ನದ ಒಳಗಲ್ಲ, ಅದರ ಕೆಳಗಿರುವ ವಜ್ರದಲ್ಲಿ, ಅದೋ ಚಿನ್ನಕ್ಕಿಂತ 5000 ಪಟ್ಟು ದಪ್ಪ. ಅಗಲದ ಪಟ್ಟಿಯ ನಡುವೆ 1 ಕಿಲೋಹರ್ಟ್ಸ್ ಕೂಡ ಸರಿಯುವುದಿಲ್ಲ. ಅಂಚಿನಲ್ಲಿ ಹುಡುಕು. ಹಲಸಿನ ಹಪ್ಪಳ ಬಿಸಿಲಿಗೆ ಹಾಕಿದರೆ ನಡುವೆ ಚಾಪೆಗೆ ಅಂಟಿಕೊಂಡೇ ಇರುತ್ತದೆ, ಅಂಚು ಮಾತ್ರ ಮೊದಲು ಏಳುತ್ತದೆ. ಇಲ್ಲೂ ಜಗ್ಗಾಟ ವಜ್ರಕ್ಕೆ ದಾಟುವುದು ಅಂಚಿನಲ್ಲೇ. ಅಂಚಿನಿಂದ 1 ಮೈಕ್ರೋಮೀಟರ್ ದೂರದಲ್ಲಿ 3 ಮೆಗಾಪಾಸ್ಕಲ್ ಆಸುಪಾಸು ಸಿಗಬೇಕು, ಗೆರೆ ಹೆಚ್ಚೆಂದರೆ 30 ಕಿಲೋಹರ್ಟ್ಸ್ ಸರಿಯುತ್ತದೆ. ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದರೂ ಅದು ಮುಚ್ಚಿಹೋಗುತ್ತದೆ.

ಹಾಗಾಗಿ ಒಂದೇ ಗೆರೆ ನಂಬಬೇಡ. ವಜ್ರದಲ್ಲಿ ಎನ್‌ವಿಗಳು ನಾಲ್ಕು ದಿಕ್ಕಿಗೆ ಮುಖ ಮಾಡಿರುತ್ತವೆ. ಬಿಸಿ ನಾಲ್ಕನ್ನೂ ಒಂದೇ ಸಮ ಇಳಿಸುತ್ತದೆ, ಅಂಚಿನ ಜಗ್ಗಾಟ ಹಾಗಲ್ಲ. ಒಂದರಿಂದ ಇನ್ನೊಂದನ್ನು ಕಳೆದರೆ ಬಿಸಿ ಹೊರಟುಹೋಗಿ ಸ್ಟ್ರೆಸ್ ಉಳಿಯುತ್ತದೆ.

ಕುಮಟಾದಿಂದ:
ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಇದು ತಿಳಿಯದೆ ನನ್ನ ಒಂದು ಒಳ್ಳೆಯ ಚಿಪ್ ದಂಡವಾಯಿತು. ವಜ್ರದ ಹರಳಿನ ದಿಕ್ಕುಗಳಿಗೆ 100, 110 ಅಂತ ಹೆಸರಿವೆ: 100 ಅಂದರೆ ಹರಳಿನ ಘನದ ಬದಿಯ ದಿಕ್ಕು, 110 ಅಂದರೆ ಅದರ ಮುಖದ ಕರ್ಣದ ದಿಕ್ಕು. ಮೇಲ್ಮೈ 100 ಆಗಿದ್ದು, ಪಟ್ಟಿಯೂ 100 ದಿಕ್ಕಿಗೇ ಇದ್ದರೆ, ಅಡ್ಡ ಜಗ್ಗಾಟ ನಾಲ್ಕೂ ಎನ್‌ವಿಗಳಿಗೆ ಸಮನಾಗಿ ಬೀಳುತ್ತದೆ. ಕಳೆದರೆ ಅದೂ ಹೋಗುತ್ತದೆ! ಪಟ್ಟಿ 110 ದಿಕ್ಕಿಗೆ ಇದ್ದರೆ ಎರಡು ಒಂದು ಕಡೆ, ಎರಡು ಇನ್ನೊಂದು ಕಡೆ ಆಗುತ್ತವೆ. ಚಿಪ್ಪಿನ ಅಂಚು ಯಾವ ದಿಕ್ಕು ಅಂತ ಮೊದಲು ಕೇಳಿ ತಿಳಿದುಕೊಳ್ಳಿ, 100 ಆಗಿದ್ದರೆ ಪಟ್ಟಿಯ ಆಕಾರ ಕೊಡುವ ಅಚ್ಚನ್ನು (ಮಾಸ್ಕ್) 45 ಡಿಗ್ರಿ ತಿರುಗಿಸಿ.

ಇನ್ನೊಂದು. ನಾಲ್ಕು ದಿಕ್ಕು ಬಿಡಿಸಲು ಆಯಸ್ಕಾಂತ ಇಡುತ್ತೀರಲ್ಲ, ಅದನ್ನು ಹಾಟ್ ಪ್ಲೇಟ್ ಹತ್ತಿರ ಇಡಬೇಡಿ. ಬಿಸಿಗೆ ಅದರ ಬಲ ಕುಗ್ಗುತ್ತದೆ, 1 ಗಾಸ್ (ಕಾಂತಕ್ಷೇತ್ರದ ಅಳತೆ) ಕುಗ್ಗಿದರೆ ಗೆರೆ 2.8 ಮೆಗಾಹರ್ಟ್ಸ್ ತನಕ ಓಡುತ್ತದೆ. ಆಯಸ್ಕಾಂತ ಇಟ್ಟಾಗ ಪ್ರತಿ ದಿಕ್ಕಿನ ಗೆರೆ ಮೇಲೊಂದು ಕೆಳಗೊಂದಾಗಿ ಎರಡಾಗುತ್ತದೆ, ಆ ಎರಡರ ಸರಾಸರಿ ತೆಗೆದರೆ ಇದು ಬಹುಪಾಲು ಹೋಗುತ್ತದೆ, ಪೂರ್ತಿ ಅಲ್ಲ.

ಕಾರವಾರದಿಂದ:
ತುಂಬಾ ಉಪಕಾರ ಆಯಿತು. ನಮ್ಮ ಪಟ್ಟಿ ಚಿಪ್ಪಿನ ಅಂಚಿಗೆ ನೇರಕ್ಕೇ ಇದೆ, ದಿಕ್ಕು ಗೊತ್ತಿಲ್ಲ. ಈಗಲೇ ಲ್ಯಾಬಿಗೆ ಫೋನ್ ಮಾಡುತ್ತೇನೆ. ಪಟ್ಟಿ ತಿರುಗಿಸಲು ಆಗದಿದ್ದರೆ?

ಶಿರಸಿಯಿಂದ:
ಆಗಲೂ ದಾರಿ ಇದೆ. ಒಂದೇ ಚಿತ್ರದಲ್ಲಿ ಅಂಚಿನ ಜಾಗವನ್ನೂ, ದೂರದ ಬರೀ ವಜ್ರವನ್ನೂ ಹಿಡಿ. ವಜ್ರದಲ್ಲಿ ಬಿಸಿ ತಾಮ್ರಕ್ಕಿಂತ ಎಷ್ಟೋ ಚೆನ್ನಾಗಿ ಹರಿಯುತ್ತದೆ, ಎರಡೂ ಜಾಗ ಹೆಚ್ಚುಕಮ್ಮಿ ಒಂದೇ ಡಿಗ್ರಿಯಲ್ಲಿರುತ್ತವೆ, ಆ ದೂರದ ಜಾಗವೇ ನಿನ್ನ ಥರ್ಮಾಮೀಟರ್. ಲೇಸರನ್ನು ವಜ್ರದ ಹಿಂಬದಿಯಿಂದ ಬಿಡು, ಚಿನ್ನ ಅಡ್ಡ ಬರುವುದಿಲ್ಲ. 60ಕ್ಕೆ ನಿಲ್ಲಿಸದೆ ಮತ್ತೆ 30ಕ್ಕೆ ಇಳಿಸಿ ಅದೇ ಜಾಗ ಅಳೆ. ಗೆರೆ ಮೊದಲಿನ ಜಾಗಕ್ಕೆ ಬಾರದಿದ್ದರೆ ಬೇಸರ ಮಾಡಿಕೊಳ್ಳಬೇಡ, ಚಿನ್ನ ಬಿಸಿಯಲ್ಲಿ ಸ್ವಲ್ಪ ಸಡಿಲ ಆಗಿರಬಹುದು. ಆ ಅಂಕಿಯನ್ನೂ ಬರೆದಿಟ್ಟುಕೋ.