‘ಕ್ರಾಸ್‌ಓವರ್’ ಫೈಟಿಂಗ್ ಗೇಮ್‌ಗೆ ಕನ್ನಡ ಪದ ಬೇಕು – ತುರ್ತು

ನಮಸ್ಕಾರ. ಹಳೆಯ ವಿಡಿಯೋ ಗೇಮ್‌ಗಳ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ, ನಾಳೆ ಮಧ್ಯಾಹ್ನ ಮುದ್ರಣಕ್ಕೆ ಹೋಗಬೇಕು. ಇರುವುದು ನಿಯೋ ಜಿಯೋ ಎಇಎಸ್, ಅಂದರೆ ಆರ್ಕೇಡ್ ಯಂತ್ರದ ಹಾರ್ಡ್‌ವೇರನ್ನೇ ಮನೆಗೆ ತಂದ ಕನ್ಸೋಲ್. ಜೊತೆಗೆ ‘ದಿ ಕಿಂಗ್ ಆಫ್ ಫೈಟರ್ಸ್ 94’ರ ಕಾರ್ಟ್ರಿಜ್. ಎಸ್‌ಎನ್‌ಕೆ ಕಂಪನಿ ತನ್ನ ‘ಫೇಟಲ್ ಫ್ಯೂರಿ’, ‘ಆರ್ಟ್ ಆಫ್ ಫೈಟಿಂಗ್’ ಪಾತ್ರಗಳ ಜೊತೆ, ಬರೀ ಗುಂಡು ಹಾರಿಸುವ ಆಟವಾಗಿದ್ದ ‘ಇಕಾರಿ ವಾರಿಯರ್ಸ್’ನ ರಾಲ್ಫ್, ಕ್ಲಾರ್ಕ್‌ರನ್ನೂ ಮೂವರು ಮೂವರ ತಂಡ ಮಾಡಿ ಕಣಕ್ಕಿಳಿಸಿತು. ಇಂಥದ್ದಕ್ಕೆ ಏನನ್ನೋಣ? ‘ಸಂಕರ ಕಾಳಗ’ ಎಂದು ಬರೆದಿಟ್ಟಿದ್ದೇನೆ, ಮನಸ್ಸು ಒಪ್ಪುತ್ತಿಲ್ಲ.

ಉತ್ತರ:
ಸಂಕರ ಬೇಡವೇ ಬೇಡ. ತಳಿ ಬೆರಕೆಯ, ಜಾತಿ ಬೆರಕೆಯ ವಾಸನೆ ಅದಕ್ಕೆ ಅಂಟಿದೆ. ಇಲ್ಲಿ ‘ಫೇಟಲ್ ಫ್ಯೂರಿ’ಯ ಟೆರಿ ಬೊಗಾರ್ಡ್ ಟೆರಿಯಾಗಿಯೇ ಉಳಿಯುತ್ತಾನೆ. ಕರಾವಳಿಯಲ್ಲಿ ಪದ ಸಿದ್ಧವಾಗಿದೆ: ಕೂಡಾಟ. ಎರಡು ಮೇಳದವರು ಒಂದೇ ರಂಗಸ್ಥಳದಲ್ಲಿ ಸೇರಿ ಆಡುವ ಯಕ್ಷಗಾನ. ಎಷ್ಟೋ ಪ್ರಸಂಗಗಳ ಹೆಸರು ‘ಕಾಳಗ’ದಲ್ಲೇ ಮುಗಿಯುತ್ತದೆ. ‘ಕೂಡಾಟದ ಕಾಳಗ’ ಎನ್ನಿ.

ಉತ್ತರ:
ಒಪ್ಪಲಾರೆ. ಕೂಡಾಟಕ್ಕೆ ಎರಡು ಮೇಳ ಬೇಕು, ಇಲ್ಲಿ ಯಜಮಾನ ಒಬ್ಬನೇ. 2003ರ ‘ಎಸ್‌ವಿಸಿ ಕೇಯಾಸ್’ಗಾದರೆ ಹೊಂದೀತು, ಅಲ್ಲಿ ಎಸ್‌ಎನ್‌ಕೆ ಪಾತ್ರಗಳ ಜೊತೆ ಇನ್ನೊಂದು ಕಂಪನಿಯಾದ ಕ್ಯಾಪ್‌ಕಾಮ್‌ನ ರ್‍ಯು ಬರುತ್ತಾನೆ. ಘಟ್ಟದ ಮೇಲಿನವರಿಗೆ ಈ ಪದ ಬೇರೆಯೇ ಅರ್ಥ ಕೊಟ್ಟೀತು. ಕ್ರಾಸ್‌ಓವರ್ ಎಂದೇ ಬರೆಯಿರಿ. ಜಪಾನೀಯರೇ ಫೈಟಿಂಗ್ ಗೇಮನ್ನು ‘ಕಕುತೋ ಗೇಮು’ ಎನ್ನುತ್ತಾರೆ. ಗೇಮು ಇಂಗ್ಲಿಷಿನದು.

ಉತ್ತರ:
> ಇಲ್ಲಿ ಯಜಮಾನ ಒಬ್ಬನೇ
ಕಟೀಲು ದೇವಸ್ಥಾನದವರದೇ ಹಲವು ಯಕ್ಷಗಾನ ಮೇಳಗಳಿವೆ. ಯಜಮಾನ ಒಬ್ಬನಾದರೆ ಮೇಳವೂ ಒಂದೇ ಆಗಬೇಕಿಲ್ಲ. ‘ಕಕುತೋ’ವನ್ನು ಯಾಕೆ ಬಿಟ್ಟಿರಿ? ಅದು ಚೀನೀ ಲಿಪಿಯಲ್ಲಿ ಬರೆಯುವ ಪದ, ನಮಗೆ ಸಂಸ್ಕೃತ ಇದ್ದಂತೆ ಅವರಿಗೆ ಅದು. ಅರ್ಧವನ್ನಾದರೂ ಅವರು ಮನೆಯ ಪದದಲ್ಲಿ ಉಳಿಸಿಕೊಂಡರು. ನೀವು ಎರಡೂ ಅರ್ಧವನ್ನು ಬಿಟ್ಟುಕೊಡುತ್ತಿದ್ದೀರಿ.

ಉತ್ತರ:
ಸಂಸ್ಕೃತ ಯಾವಾಗ ಮನೆಯ ಪದವಾಯಿತು? ಅದೂ ಎರವಲೇ. ಇಂಗ್ಲಿಷಿಗೆ ಬಾಗಿಲು ಹಾಕಿ ಸಂಸ್ಕೃತಕ್ಕೆ ಮಣೆ ಹಾಕುವ ವಾದ ಇಲ್ಲಿ ಬೇಡ. ಕೂಡಾಟ ಅಚ್ಚಗನ್ನಡ, ಕಾಳಗ ಹಳಗನ್ನಡದ ಕಾಳೆಗ. ಅಷ್ಟು ಸಾಕು.

ಉತ್ತರ:
ಅಚ್ಚಗನ್ನಡವೆಂಬ ಒಂದೇ ಕಾರಣಕ್ಕೆ ಪದ ನಿಲ್ಲುವುದಿಲ್ಲ. ಓದುವವನಿಗೆ ತಿಳಿಯಬೇಕು. ಕನ್ಸೋಲ್‌ಗೆ ನಿಮ್ಮಲ್ಲಿ ಪದ ಇದೆಯೇ?

ಮೊದಲ ಪ್ರಶ್ನೆ ಕೇಳಿದವರಿಂದ:
ತಲೆಬರಹಕ್ಕೆ ‘ಕೂಡಾಟದ ಕಾಳಗ’ ಕಳಿಸಿದೆ. ಮೊದಲ ಸಾಲಿನಲ್ಲೇ ‘ಬೇರೆ ಬೇರೆ ಆಟಗಳ ಪಾತ್ರಗಳು ಒಂದೇ ಕಣದಲ್ಲಿ’ ಎಂಬ ವಿವರಣೆ ಇದೆ, ಘಟ್ಟದ ಮೇಲಿನವರಿಗೂ ತಿಳಿಯುತ್ತದೆ. ಕನ್ಸೋಲ್, ಕಾರ್ಟ್ರಿಜ್ ಹಾಗೇ ಉಳಿದವು.